ಮಲೆನಾಡಿನ ಮನೆಗಳ ಸಂರಕ್ಷಣೆ ಮತ್ತು ವಾರ್ಷಿಕ ತನಿಖೆ

ಬೇಸಾಯಗಾರನಿಗೆ ಮನೆಯೆಂಬುದು ಮಲಗುವ ಸ್ಥಳ ಮಾತ್ರವಲ್ಲ. ವರ್ಷವೆಲ್ಲ ದುಡಿದು ತಂದ ಭತ್ತವು ಸೇರುವುದು ಮನೆಯ ಪಣತದಲ್ಲಿ. ಮುಂದಿನ ವರ್ಷದ ಬೀಜವು ಉಳಿಯುವುದು ಮನೆಯ ಅಟ್ಟದ ಮೇಲೆ. ಅಡಿಕೆ, ಮೆಣಸು, ಏಲಕ್ಕಿಗಳು ಧಾರಣೆ ಬರುವವರೆಗೆ ಕಾದಿರುವುದು ಮನೆಯ ಕೋಣೆಯಲ್ಲಿ. ದನಕರುಗಳ ಮೇವು ಇರುವುದು ಅದರ ಪಕ್ಕದ ಕೊಟ್ಟಿಗೆಯಲ್ಲಿ. ಆದುದರಿಂದ ಮನೆಯ ವಿಷಯವು ವ್ಯವಸಾಯದ ಪತ್ರಿಕೆಗೆ ಹೊರತಾದುದೆಂದು ಯಾರೂ ಭಾವಿಸಬೇಕಾದುದಿಲ್ಲ. ಗದ್ದೆಯಲ್ಲಿ ಹುಳು ಬಿದ್ದು ಪೈರು ಕೆಟ್ಟರೆ ಊರೆಲ್ಲ ನೋಡುತ್ತದೆ. ಮನೆಯೊಳಗೆ ತೇವದಿಂದಾಗುವ ನಷ್ಟವಾದರೋ ಗೋಡೆಯ ಹಿಂದೆಯೂ ಹೆಂಚಿನ ಕೆಳಗೂ ಮೂಟೆಯ ತಳದಲ್ಲಿಯೂ ಮರೆಯಾಗಿದ್ದು, ಯಜಮಾನನ ಕಣ್ಣಿಗೆ ಬೀಳುವ ವೇಳೆಗೆ ತಿದ್ದಲಾಗದಷ್ಟು ಬೆಳೆದಿರುತ್ತದೆ.

ಅಡಿಕೆಯ ಕೊಳೆರೋಗವನ್ನು ಅರಿತ ಮಲೆನಾಡಿನ ರೈತರಿಗೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹಿಂದಿನ ಮೈಸೂರು ಸಂಸ್ಥಾನದ ವ್ಯವಸಾಯದ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಆ ರೋಗದ ಮೇಲೆ ೧೯೧೦ರಲ್ಲಿ ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಗೊನೆಗಳಿಗೆ ಹೊಡೆಯಬೇಕೇ ಹೊರತು, ಕಾಯಿ ಉದುರಲಾರಂಭಿಸಿದ ಮೇಲೆ ಹೊಡೆದರೆ ಪ್ರಯೋಜನ ಕಡಿಮೆಯೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಮನೆಯ ವಿಷಯದಲ್ಲಿಯೂ ನ್ಯಾಯವು ಇದೇ. ಸೋರುವ ಮಾಡನ್ನು ಆರಿದ್ರಾ ಮಳೆಯಲ್ಲಿ ಹತ್ತಿ ತಿದ್ದಲಾಗುವುದಿಲ್ಲ. ಕೆಲಸವೆಲ್ಲವೂ ಬಿಸಿಲಿರುವಾಗಲೇ ಆಗತಕ್ಕದ್ದು. ಯಾವ ಕೆಲಸ, ಎಲ್ಲಿ, ಯಾವಾಗ ಎಂಬುದನ್ನು ಈ ಪತ್ರಿಕೆಯಲ್ಲಿ ಕ್ರಮವಾಗಿ ತಿಳಿಸಿದೆ.

೧. ತೇವವು ಮನೆಗೆ ಬರುವ ನಾಲ್ಕು ದಾರಿಗಳು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ, ಎಂದರೆ ಸುಮಾರು ೨೭೫ ಅಂಗುಲಕ್ಕೂ, ಮೇಲ್ಪಟ್ಟು ಮಳೆ ಬೀಳುತ್ತದೆ. ಇದರ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಮನೆಯ ಮಾಡು ೧,೦೦೦ ಚದರಡಿ ನೆಲವನ್ನು ಮುಚ್ಚಿದೆಯೆಂದು ಇಟ್ಟುಕೊಳ್ಳೋಣ. ಒಂದಂಗುಲ ಮಳೆ ಬಿದ್ದರೆ ಆ ಮಾಡಿನಿಂದ ಇಳಿಯುವ ನೀರು ಸುಮಾರು ೮೩ ಘನ ಅಡಿ, ಅಥವಾ ೨,೩೬೦ ಲೀಟರು. ಆಗುಂಬೆಯಂತಹ ಊರಿನಲ್ಲಿ ಒಂದು ವರ್ಷಕ್ಕೆ ಅದು ಆರು ಲಕ್ಷ ಲೀಟರನ್ನು ಮೀರುತ್ತದೆ. ಇಷ್ಟು ನೀರು ಒಂದು ಸಂಸಾರದ ತಲೆಯ ಮೇಲೆ ಹಾದು ಹೋಗಬೇಕಾಗಿರುವಾಗ, ಅದರಲ್ಲಿ ಸಾವಿರದಲ್ಲೊಂದು ಭಾಗ ದಾರಿ ತಪ್ಪಿದರೂ ೬೦೦ ಲೀಟರು ಮನೆಯೊಳಗೆ ಸೇರಿದಂತಾಯಿತು.

ಈ ನೀರು ಬರುವ ದಾರಿಗಳು ನಾಲ್ಕು. ಮೊದಲನೆಯದು ಮೇಲಿನಿಂದ, ಒಡೆದ ಹೆಂಚು ಮತ್ತು ಸರಿದ ಸಂದುಗಳ ಮೂಲಕ. ಎರಡನೆಯದು ಪಕ್ಕದಿಂದ, ಗಾಳಿಯ ಹೊಡೆತಕ್ಕೆ ಎರಚಲಾಗಿ ಗೋಡೆಯ ಮೇಲೆ. ಮೂರನೆಯದು ಕೆಳಗಿನಿಂದ, ದೀಪದ ಬತ್ತಿಯಲ್ಲಿ ಎಣ್ಣೆಯು ಏರುವ ಹಾಗೆ ನೆಲದ ನೀರು ಮಣ್ಣು, ಇಟ್ಟಿಗೆ, ಗಾರೆಗಳ ಸೂಕ್ಷ್ಮ ರಂಧ್ರಗಳಲ್ಲಿ ಎರಡು ಮೂರು ಅಡಿಯವರೆಗೂ ಏರುತ್ತದೆ. ನಾಲ್ಕನೆಯದು ಗಾಳಿಯಿಂದ, ತೇವದ ಗಾಳಿಯು ತಂಪಾದ ನೆಲವನ್ನೂ ಗೋಡೆಯನ್ನೂ ಮುಟ್ಟಿ ಬೆವರಿನಂತೆ ಹನಿಗಟ್ಟುತ್ತದೆ.

ಗೋಡೆಯ ಮೇಲೆ ತೇವ ಕಂಡರೆ ಅದು ಯಾವ ದಾರಿಯಿಂದ ಬಂತೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಮೇಲಿನಿಂದ ಇಳಿದು ಬರುತ್ತ ಕಿರಿದಾಗುವ ಕಲೆಯು ಮಾಡಿನದು. ಒಂದೇ ದಿಕ್ಕಿನ ಗೋಡೆ, ಬಹುಮಟ್ಟಿಗೆ ಪಡುವಣ ಅಥವಾ ನೈರುತ್ಯದ ಗೋಡೆ, ಮಾತ್ರ ನೆನೆದಿದ್ದರೆ ಅದು ಎರಚಲಿನದು. ನೆಲದಿಂದೆದ್ದು ಸುತ್ತಲೂ ಒಂದೇ ಎತ್ತರಕ್ಕೆ ಗೆರೆಯೆಳೆದಂತೆ ನಿಂತು, ಬಿಳಿಯ ಉಪ್ಪು ಹೂವಿಟ್ಟಿದ್ದರೆ ಅದು ಕೆಳಗಿನದು. ಪೆಟ್ಟಿಗೆ ಬೀರುಗಳ ಹಿಂದೆ ಮಾತ್ರ ಬೂಷ್ಟು ಕಂಡರೆ ಅದು ಗಾಳಿಯಾಡದ ದೋಷ. ಕಾರಣವನ್ನರಿಯದೆ ಸುಣ್ಣ ಬಳಿದು ಮುಚ್ಚುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆಯೇ ಸರಿ.

೨. ಮಾಡು

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಂದಿನಿಂದ ಈ ಹೆಂಚು ಘಟ್ಟವನ್ನು ಹತ್ತಿ ಮಲೆನಾಡಿನ ಊರೂರಿಗೂ ಬಂದಿದೆ. ನಾಡಹೆಂಚಿಗೆ ಹೋಲಿಸಿದರೆ ಇದು ಒಂದಕ್ಕೊಂದು ಕಚ್ಚಿ ಕೂರುವುದರಿಂದ ಬೇಗ ಸರಿಯುವುದಿಲ್ಲ. ಆದರೆ ಇದರ ಗುಣವು ಇಳಿಜಾರನ್ನು ಅವಲಂಬಿಸಿದೆ. ಎರಡಡಿ ಅಡ್ಡಳತೆಗೆ ಒಂದಡಿಗಿಂತ ಕಡಿಮೆ ಏರಿಕೆಯುಳ್ಳ ಮಾಡಿಗೆ ಈ ಹೆಂಚನ್ನು ಹೊದಿಸಕೂಡದು. ಗಾಳಿಯು ನೀರನ್ನು ಸಂದಿನಲ್ಲಿ ಹಿಂದಕ್ಕೆ ತಳ್ಳುತ್ತದೆ. ಮಳೆ ಹೆಚ್ಚಾದ ಕಡೆಗಳಲ್ಲಿ ಇಳಿಜಾರು ಇನ್ನೂ ಕಡಿದಾಗಿರುವುದು ಲೇಸು.

ಮಾಡನ್ನು ಒಳಗಿನಿಂದಲೂ ಹೊರಗಿನಿಂದಲೂ ತನಿಖೆ ಮಾಡಬೇಕು. ನಡುಹಗಲಿನಲ್ಲಿ ಅಟ್ಟವನ್ನು ಹತ್ತಿ, ಬಾಗಿಲು ಮುಚ್ಚಿಕೊಂಡು, ಕತ್ತಲಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲತಕ್ಕದ್ದು. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುವುದೋ ಅಲ್ಲೆಲ್ಲ ಮಳೆಗಾಲದಲ್ಲಿ ನೀರಿಳಿಯುವುದೆಂದು ತಿಳಿದು, ಕೆಳಗಿನ ರೀಪಿಗೆ ಸುಣ್ಣದ ಗುರುತು ಹಾಕಬೇಕು. ಬಳಿಕ ಏಣಿಯಿಟ್ಟು ಹೊರಗಿನಿಂದ ನೋಡುವಾಗ ಹೆಂಚಿನ ಮೇಲೆ ಕಾಲಿಡದೆ, ಜಂತೆಯ ಮೇಲೆ ಬರುವಂತೆ ಹಲಗೆಯನ್ನು ಹಾಸಿ ಅದರ ಮೇಲೆ ನಡೆಯತಕ್ಕದ್ದು. ಒಂದು ಒಡೆದ ಹೆಂಚನ್ನು ಬದಲಿಸಲು ಹೋಗಿ ಹತ್ತು ಹೆಂಚನ್ನು ಸೀಳಿ ಬರುವುದು ಸಾಮಾನ್ಯವಾಗಿ ನಡೆಯುವ ತಪ್ಪು.

ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಒಳ್ಳೆಯದು ಗಣಗಣನೆ ನುಡಿಯುತ್ತದೆ. ಸೀಳಿದ್ದು ಒಡಕು ದನಿ ಕೊಡುತ್ತದೆ. ನೂರು ಚದರಡಿಗೆ ಸುಮಾರು ೧೪೦ ಹೆಂಚುಗಳು ಬೇಕಾಗುವುದರಿಂದ, ಸಾವಿರ ಚದರಡಿ ಮಾಡುಳ್ಳವರು ಐವತ್ತು ಹೆಂಚುಗಳನ್ನಾದರೂ ಯಾವಾಗಲೂ ಮನೆಯಲ್ಲಿ ಮೀಸಲಾಗಿ ಇಟ್ಟಿರಬೇಕು. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲವಾದ್ದರಿಂದ ಮನೆಗೆ ಹೊದಿಸಿದ ಜಾತಿಯನ್ನೇ ಕೊಳ್ಳುವುದು ಅವಶ್ಯ.

ಸೋರಿಕೆಯು ಹೆಚ್ಚಾಗಿ ಹುಟ್ಟುವುದು ಬಯಲು ಮಾಡಿನಲ್ಲಲ್ಲ. ಎರಡು ಮಾಡುಗಳು ಕೂಡುವ ದೋಣಿಯಲ್ಲಿ, ಮೇಲಿನ ಕೋಡಿನಲ್ಲಿ, ಮಾಡು ಗೋಡೆಯನ್ನು ಮುಟ್ಟುವ ಸಂದಿನಲ್ಲಿ. ದೋಣಿಯಲ್ಲಿ ಒಣಗಿದೆಲೆ, ಪಾಚಿ, ಇಲಿಯ ಗೂಡು ಸೇರಿ ಕಟ್ಟಿಕೊಂಡರೆ ನೀರು ಹೆಂಚಿನಡಿಗೆ ಹಿಮ್ಮೆಟ್ಟುತ್ತದೆ. ಮಾಡಿನ ಮೇಲೆ ಚಾಚಿದ ಮರದ ಕೊಂಬೆಗಳನ್ನು ಕಡಿದುಬಿಟ್ಟರೆ ಎಲೆಯೂ ಬೀಳುವುದಿಲ್ಲ, ಮಂಗಗಳಿಗೂ ದಾರಿಯಿಲ್ಲ, ಬಿಸಿಲು ತಾಗಿ ಪಾಚಿಯೂ ಒಣಗುತ್ತದೆ. ಒಂದೇ ಕೆಲಸದಿಂದ ಮೂರು ಫಲ.

೩. ಗೋಡೆ ಮತ್ತು ತಳಪಾಯ

ಮಣ್ಣಿನ ಗೋಡೆಯು ದುರ್ಬಲವೆಂದು ಹೀಗಳೆಯುವವರು ಅನೇಕರಿದ್ದಾರೆ. ಆದರೆ ಒಳ್ಳೆಯ ಪಾದುಕೆಯೂ ಒಳ್ಳೆಯ ಮಾಡೂ ಇದ್ದಲ್ಲಿ ನೂರು ವರ್ಷ ಬಾಳಿದ ಮಣ್ಣಿನ ಮನೆಗಳು ಮಲೆನಾಡಿನಲ್ಲಿ ವಿರಳವಲ್ಲ. ಒಣಗಿದ ಮಣ್ಣು ಭಾರವನ್ನು ಹೊರುತ್ತದೆ, ನೆನೆದ ಮಣ್ಣು ಹೊರಲಾರದು. ಕೆಳಗಿನ ಎರಡಡಿ ನೆನೆದರೆ ಮೇಲಿನ ಹತ್ತಡಿಗೆ ಆಧಾರ ತಪ್ಪಿದಂತಾಯಿತು.

ಆದುದರಿಂದ ಕಲ್ಲಿನ ತಳಪಾಯವು ಅಂಗಳದ ಮಟ್ಟಕ್ಕಿಂತ ಒಂದೂವರೆ ಎರಡು ಅಡಿ ಮೇಲಕ್ಕಿರತಕ್ಕದ್ದು. ಸೂರು ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಕ್ಕೆ ಚಾಚಿರಬೇಕು. ಸೂರುನೀರು ಬೀಳುವ ಗೆರೆಯಲ್ಲಿ ಜಲ್ಲಿಯನ್ನೋ ಚಪ್ಪಡಿಯನ್ನೋ ಹಾಸಿದರೆ ಹನಿ ಸಿಡಿದು ಗೋಡೆಯ ಬುಡವನ್ನು ಕೊರೆಯುವುದು ತಪ್ಪುತ್ತದೆ. ಮನೆಯ ಸುತ್ತಲಿನ ನೆಲವು ಮೊದಲ ಹತ್ತಡಿಗೆ ಆರಂಗುಲದಂತೆ ಹೊರಕ್ಕೆ ಇಳಿಜಾರಾಗಿದ್ದು, ಆ ನೀರು ಕಾಲುವೆ ಸೇರಿ ದೂರ ಹೋಗಬೇಕು. ಬಚ್ಚಲಿನ ನೀರನ್ನು ಗೋಡೆಯ ಪಕ್ಕದ ಬಾಳೆಯ ಬುಡಕ್ಕೆ ಬಿಡುವ ಪದ್ಧತಿಯು ಬಾಳೆಗೆ ಹಿತವೇ ಹೊರತು ಗೋಡೆಗಲ್ಲ. ಬಾಳೆಯನ್ನು ಹದಿನೈದಡಿ ಆಚೆಗೆ ನೆಟ್ಟರೆ ಎರಡೂ ಬದುಕುತ್ತವೆ.

ಪಡುವಣ ಗೋಡೆಗೆ ಮಳೆಗಾಲಕ್ಕೆ ಮುಂಚೆ ಸೋಗೆಯ ತಟ್ಟಿಯನ್ನು ಕಟ್ಟುವ ಹಿರಿಯರ ಪದ್ಧತಿಯು ಬಹಳ ಯುಕ್ತವಾದುದು. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣಾದರೂ ಬಿಟ್ಟಿರಬೇಕು. ಗೋಡೆಗೆ ಅಂಟಿಸಿ ಕಟ್ಟಿದರೆ ಅದೇ ತೇವವನ್ನು ಹಿಡಿದು ಗೆದ್ದಲಿಗೆ ಏಣಿಯಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಗಟ್ಟಿಯಾಗುವುದೆಂಬ ನಂಬಿಕೆಯು ಎಲ್ಲೆಡೆ ಹರಡಿದೆ. ವಾಸ್ತವವು ಬೇರೆ. ಮಣ್ಣಿನ ಗೋಡೆಯು ನೆಲದಿಂದ ಹೀರಿದ ತೇವವನ್ನು ಹೊರಮೈಯಿಂದ ಗಾಳಿಗೆ ಬಿಟ್ಟು ಒಣಗುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ತೇವವು ಒಳಗೇ ಉಳಿದು ಮತ್ತಷ್ಟು ಮೇಲಕ್ಕೇರುತ್ತದೆ. ಹೊರಗೆ ನುಣ್ಣಗೆ ಕಾಣುವ ಗೋಡೆಯ ಹೃದಯವು ಕೆಸರಾಗುತ್ತದೆ. ಕುಸಿಯುವ ದಿನದವರೆಗೂ ಹೊರಗಿನಿಂದ ಏನೂ ತೋರುವುದಿಲ್ಲ. ಮಣ್ಣಿನ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ತಕ್ಕದ್ದು. ಅದರ ಮೇಲೆ ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಸಾಕು. ಈಗಾಗಲೇ ಸಿಮೆಂಟು ಮಾಡಿಸಿದವರು ಕಡೆಯ ಪಕ್ಷ ಬುಡದ ಎರಡಡಿಯನ್ನಾದರೂ ಬೇಸಗೆಯಲ್ಲಿ ಜಾಗರೂಕತೆಯಿಂದ ಬಿಡಿಸಿ, ಒಳಗಿನ ಮಣ್ಣು ಹೇಗಿದೆಯೆಂದು ನೋಡಿ, ಚೆನ್ನಾಗಿ ಒಣಗಿದ ಮೇಲೆ ಸುಣ್ಣದ ಗಾರೆಯಿಂದ ಮುಚ್ಚುವುದು ಉತ್ತಮ.

೪. ಮರಮುಟ್ಟುಗಳು

ಮರವನ್ನು ಕೊಳೆಯಿಸುವುದು ನೀರಲ್ಲ, ನೀರಿನ ಆಸರೆಯಲ್ಲಿ ಬೆಳೆಯುವ ಶಿಲೀಂಧ್ರ. ಮರದೊಳಗಿನ ತೇವವು ಅದರ ಒಣತೂಕದ ನೂರಕ್ಕೆ ೨೦ ಭಾಗಕ್ಕಿಂತ ಕಡಿಮೆಯಿರುವವರೆಗೆ ಈ ಶಿಲೀಂಧ್ರವು ಬೆಳೆಯಲಾರದು. ಆದರೆ ಗಾಳಿಯ ತೇವಾಂಶವು ನೂರಕ್ಕೆ ೯೦ರಷ್ಟಿದ್ದು ಬಹುದಿನ ಹಾಗೆಯೇ ನಿಂತರೆ, ಒಂದು ಹನಿಯೂ ಸೋರದ ಮನೆಯಲ್ಲಿಯೂ ಮರದ ತೇವವು ತಾನಾಗಿಯೇ ೨೦ರ ಹತ್ತಿರಕ್ಕೆ ಬರುತ್ತದೆ. ಎಂದರೆ ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಮಲೆನಾಡಿನ ಪ್ರತಿಯೊಂದು ತೊಲೆಯೂ ಅಪಾಯದ ಅಂಚಿನಲ್ಲಿಯೇ ನಿಂತಿರುತ್ತದೆ. ಅದರ ಮೇಲೆ ಸಣ್ಣದೊಂದು ಸೋರಿಕೆ ಸೇರಿದರೆ ಅಂಚನ್ನು ದಾಟಿದಂತೆಯೇ. ಬಯಲುಸೀಮೆಯಲ್ಲಿ ಹತ್ತು ವರ್ಷ ತಡೆಯುವ ಸೋರಿಕೆಯು ಇಲ್ಲಿ ಎರಡು ಮೂರು ವರ್ಷಗಳಲ್ಲಿ ತೊಲೆಯನ್ನು ತಿಂದುಹಾಕುವುದಕ್ಕೆ ಕಾರಣವು ಇದೇ.

ತೊಲೆಯು ಗೋಡೆಯೊಳಗೆ ಹೊಕ್ಕ ತುದಿ, ಕಂಬವು ಕಲ್ಲಿನ ಮೇಲೆ ಕೂತ ಬುಡ, ಸೂರಿನ ಜಂತೆಗಳ ಕೊನೆ, ಬಾಗಿಲ ಹೊಸ್ತಿಲು, ಬಚ್ಚಲಿನ ಚೌಕಟ್ಟು: ಈ ಐದು ಸ್ಥಳಗಳಲ್ಲಿ ದಬ್ಬಳದಿಂದ ಚುಚ್ಚಿ ನೋಡತಕ್ಕದ್ದು. ಒಳ್ಳೆಯ ಮರದಲ್ಲಿ ದಬ್ಬಳದ ಮೊನೆ ಮಾತ್ರ ಇಳಿಯುತ್ತದೆ. ಲಡ್ಡಾದ ಮರದಲ್ಲಿ ಅಂಗುಲದಷ್ಟು ಸುಲಭವಾಗಿ ಹೊಕ್ಕುತ್ತದೆ. ಕೊಡಲಿಯ ಹಿಂಬದಿಯಿಂದ ಮೆಲ್ಲನೆ ಬಡಿದಾಗ ಡೊಳ್ಳು ಶಬ್ದ ಬಂದರೆ ಒಳಗೆ ಟೊಳ್ಳಾಗಿದೆಯೆಂದು ತಿಳಿಯಬೇಕು. ಮರದ ಕೆಳಗೆ ನುಣ್ಣನೆಯ ಹಿಟ್ಟಿನಂತಹ ಪುಡಿ ಉದುರಿದ್ದರೆ ಕುಟ್ಟೆ ಹಿಡಿದಿದೆ.

ತೇಗ, ಬೀಟೆ, ಹೊನ್ನೆ, ಕಿರಾಲುಭೋಗಿ, ಹಲಸುಗಳ ಚೇಗು ಬಹುಕಾಲ ತಡೆಯುತ್ತದೆ. ಆದರೆ ಅದೇ ಮರದ ಹೊರಗಣ ಬಿಳಿಯ ಭಾಗಕ್ಕೆ ಆ ಗುಣವಿಲ್ಲ. ತೇಗವೆಂಬ ಹೆಸರನ್ನು ನಂಬಿ ಎಳೆಯ ಮರದ ಬಿಳಿಯ ಭಾಗವನ್ನು ಕೊಂಡವರು ಮೋಸಹೋದಂತೆಯೇ. ಹೊಸ ತೊಲೆ ಹಾಕಿಸುವಾಗ ಗೋಡೆಯೊಳಗೆ ಹೊಕ್ಕ ತುದಿಯ ಮೂರು ಕಡೆಯಲ್ಲಿಯೂ ಬೆರಳು ತೂರುವಷ್ಟು ಜಾಗವನ್ನು ಗಾಳಿಗಾಗಿ ಬಿಡಿಸಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುವ ರೂಢಿಯು ಒಳ್ಳೆಯದೇ. ಆದರೆ ಅದು ಚರ್ಮವನ್ನು ಸುಡುವುದರಿಂದ ಕೈಗೆ ರಕ್ಷಣೆಯಿಲ್ಲದೆ ಮುಟ್ಟಕೂಡದು.

ಹಿಂದೆ ಒಲೆಯ ಹೊಗೆಯು ಅಟ್ಟವನ್ನು ತುಂಬಿ ಜಂತೆಗಳನ್ನು ಒಣಗಿಸಿ, ಹುಳುಗಳನ್ನು ದೂರವಿಡುತ್ತಿತ್ತು. ಆ ಹೊಗೆಯೇ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳನ್ನು ಕೆಡಿಸುತ್ತಿದ್ದುದರಿಂದ ಅನಿಲದ ಒಲೆಯೂ ಹೊಗೆಕೊಳವೆಯೂ ಬಂದುದು ಮೇಲೇ ಆಯಿತು. ಆದರೆ ಹೊಗೆಯು ಬಿಟ್ಟುಹೋದ ಮನೆಯ ಮಾಡನ್ನು ಮೊದಲಿಗಿಂತ ಹೆಚ್ಚಾಗಿ ತನಿಖೆ ಮಾಡುವ ಹೊಣೆಯು ಯಜಮಾನನ ಮೇಲೆ ಬಿದ್ದಿದೆಯೆಂಬುದನ್ನು ಮರೆಯಬಾರದು.

೫. ಗೆದ್ದಲು

ಮನೆಗಳನ್ನು ಹಾಳುಮಾಡುವ ಗೆದ್ದಲಿನಲ್ಲಿ ಬಹುಪಾಲು ನೆಲದಿಂದಲೇ ಬರತಕ್ಕದ್ದು. ಅದರ ಮೈ ಮೆತ್ತಗಿದ್ದು ಬಯಲ ಗಾಳಿಗೆ ಬೇಗ ಒಣಗುವುದರಿಂದ, ಎಲ್ಲಿಗೆ ಹೋದರೂ ಮಣ್ಣಿನ ಕೊಳವೆಯನ್ನು ಕಟ್ಟಿಕೊಂಡು ಅದರೊಳಗೇ ಸಂಚರಿಸುತ್ತದೆ. ಈ ಕೊಳವೆಯೇ ನಮಗೆ ಸಿಗುವ ಸುಳಿವು. ತಿಂಗಳಿಗೊಮ್ಮೆ ದೀಪ ಹಿಡಿದು ತಳಪಾಯದ ಸುತ್ತ, ಕಂಬದ ಹಿಂಬದಿ, ಮೂಲೆಗಳು, ಅಟ್ಟದ ಮೆಟ್ಟಿಲಿನ ಅಡಿ ಇವುಗಳನ್ನು ನೋಡಬೇಕು. ಕೊಳವೆ ಕಂಡರೆ ನಡುವೆ ಎರಡಂಗುಲ ಒಡೆದು ಬಿಟ್ಟು, ಎರಡು ದಿನಗಳ ಮೇಲೆ ನೋಡಿರಿ. ಮತ್ತೆ ಕಟ್ಟಿದ್ದರೆ ದಂಡು ಜೀವಂತವಾಗಿದೆ. ಮೊದಲ ಮಳೆಗಳ ಸಂಜೆ ರೆಕ್ಕೆಯ ಹುಳುಗಳು ಹೊರಗಿನಿಂದ ದೀಪಕ್ಕೆ ಬರುವುದು ಸಹಜ. ಆದರೆ ಮನೆಯೊಳಗಿನ ಬಿರುಕಿನಿಂದಲೇ ಅವು ಎದ್ದುಬಂದರೆ ಅಥವಾ ಮುಚ್ಚಿದ ಕಿಟಕಿಯ ಬುಡದಲ್ಲಿ ಉದುರಿದ ರೆಕ್ಕೆಗಳ ರಾಶಿ ಕಂಡರೆ ಗೂಡು ಮನೆಯಡಿಯಲ್ಲಿಯೇ ಇರಬಹುದು.

ಸೌದೆ, ಅಡಿಕೆಸಿಪ್ಪೆ, ಹಳೆಯ ಹಲಗೆಗಳನ್ನು ಗೋಡೆಗೆ ಒರಗಿಸಿ ರಾಶಿ ಹಾಕಕೂಡದು. ಇದೊಂದನ್ನು ಪಾಲಿಸಿದರೆ ಮುಕ್ಕಾಲು ಪಾಲು ಕೆಲಸವಾದಂತೆ. ವಿಷದ ಔಷಧಗಳ ವಿಷಯದಲ್ಲಿ ಬಹು ಎಚ್ಚರಿಕೆ ಅಗತ್ಯ. ಹಿಂದೆ ಬಳಕೆಯಲ್ಲಿದ್ದ ಆಲ್ಡ್ರಿನ್ ಮೊದಲಾದವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿದು ನೀರು ಹಾಲುಗಳಲ್ಲಿ ಸೇರುವುದರಿಂದ ಈಗ ನಿಷಿದ್ಧವಾಗಿವೆ. ಅಟ್ಟದ ಮೂಲೆಯಲ್ಲಿ ಹಳೆಯ ಡಬ್ಬಿ ಉಳಿದಿದ್ದರೂ ಅದನ್ನು ಉಪಯೋಗಿಸಕೂಡದು. ಈಗ ಅನುಮತಿಯಿರುವ ಔಷಧಗಳನ್ನೂ ತಿಳಿದವರ ಕೈಯಿಂದಲೇ ಹಾಕಿಸಬೇಕು. ಬಾವಿಯ ಬಳಿಯಲ್ಲಿಯೂ ಪಣತದೊಳಗೂ ಯಾವ ವಿಷವನ್ನೂ ಸುರಿಯಕೂಡದು.

೬. ಗಾಳಿ, ಬೂಷ್ಟು ಮತ್ತು ದವಸ

ಮನೆಗೆ ಗಾಳಿ ಬೇಕು. ಪಣತಕ್ಕೆ ಮಳೆಗಾಲದ ಗಾಳಿ ಬೇಡ. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಡತಕ್ಕದ್ದು.

ವಾಸದ ಕೋಣೆಗಳಲ್ಲಿ ಪೆಟ್ಟಿಗೆ, ಬೀರು, ಮಂಚಗಳನ್ನು ಗೋಡೆಯಿಂದ ಆರಂಗುಲ ದೂರವಿಟ್ಟು, ಮಳೆ ಹೊಳವಾದಾಗಲೆಲ್ಲ ಎದುರುಬದುರಿನ ಕಿಟಕಿಗಳನ್ನು ತೆರೆಯಬೇಕು. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರವಿದರೆ ಆ ನೀರೆಲ್ಲವೂ ಗೋಡೆಗೆ ಸೇರುತ್ತದೆ. ಬೂಷ್ಟಿನ ಧೂಳು ಉಬ್ಬಸವುಳ್ಳವರಿಗೂ ಎಳೆಯ ಮಕ್ಕಳಿಗೂ ಕೆಡುಕು.

ದವಸದ ವಿಷಯವು ಬೇರೆ. ಭತ್ತವನ್ನು ನೂರಕ್ಕೆ ೧೪ ಭಾಗಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ ತುಂಬಬೇಕು. ಬೀಜದ ಭತ್ತವು ಇನ್ನೂ ಒಣಗಿ ೧೨ಕ್ಕೆ ಬಂದರೆ ಮೊಳಕೆಯ ಶಕ್ತಿ ಉಳಿಯುತ್ತದೆ. ಆದರೆ ಚೆನ್ನಾಗಿ ಒಣಗಿದ ಭತ್ತವೂ ಮಳೆಗಾಲದ ಗಾಳಿಗೆ ತೆರೆದಿದ್ದರೆ ಮತ್ತೆ ತೇವವನ್ನು ಹೀರಿ ೧೬, ೧೭ಕ್ಕೆ ಏರುತ್ತದೆ. ಆದುದರಿಂದ ಬೇಸಗೆಯಲ್ಲಿ ಒಣಗಿಸಿ, ರೋಹಿಣಿ ಮಳೆಗೆ ಮುಂಚೆ ಪಣತದ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಬೇಕಾದ ದಿನ ಮಾತ್ರ ತೆರೆಯತಕ್ಕದ್ದು.

ತೇವವನ್ನು ಅಳೆಯಲು ಯಂತ್ರವಿಲ್ಲದವರು ಹೀಗೆ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಭತ್ತವನ್ನು ಹಾಕಿ, ಒಲೆಯ ಮೇಲೆ ಹುರಿದು ಆರಿಸಿದ ಪುಡಿಯುಪ್ಪನ್ನು ಎರಡು ಚಮಚ ಸೇರಿಸಿ, ಬಿರಡೆ ಹಾಕಿ ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿರಿ. ಉಪ್ಪು ಸೀಸೆಯ ಒಳಮೈಗೆ ಅಂಟಿದರೆ ತೇವವು ೧೫ಕ್ಕಿಂತ ಹೆಚ್ಚಾಗಿದೆ. ಮತ್ತೆ ಬಿಸಿಲಿಗೆ ಹಾಕಬೇಕು. ಅಂಟದಿದ್ದರೆ ತುಂಬಬಹುದು. ಈ ಪರೀಕ್ಷೆಗೆ ಖರ್ಚಾಗುವುದು ಎರಡು ಚಮಚ ಉಪ್ಪು ಮಾತ್ರ.

ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರದಲ್ಲಿ ಜೋಡಿಸಬೇಕು. ಬೂಷ್ಟು ಹಿಡಿದ ನೆಲಗಡಲೆ, ಜೋಳ, ಹಿಂಡಿಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವು ಉಂಟಾಗಬಹುದು. ಅದು ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ದನಕ್ಕೆ ಹಾಕಿದರೆ ಹಾಲಿನ ಮೂಲಕ ಮಕ್ಕಳಿಗೆ ಮುಟ್ಟುತ್ತದೆ. ಮನುಷ್ಯರು ತಿನ್ನಲಾಗದ್ದನ್ನು ಹಸುವಿಗೆ ಹಾಕುವ ಜಿಪುಣತನವು ಇಲ್ಲಿ ಸಲ್ಲದು.

ಒಬ್ಬ ರೈತರ ಮನೆಯಲ್ಲಿ ನಾನು ನೋಡಿದ ಸಂಗತಿಯನ್ನು ಇಲ್ಲಿ ಹೇಳುವುದು ಅನುಚಿತವಾಗಲಾರದು. ಅವರು ಬೀಜದ ಭತ್ತ ಮೊಳೆಯಲಿಲ್ಲವೆಂದು ದೂರು ಹೇಳಿಕೊಂಡರು. ಬೀಜವು ಒಳ್ಳೆಯದೇ, ಅವರ ಕೈಯಲ್ಲಿಯೇ ಆರಿಸಿದ್ದು. ಅಟ್ಟವನ್ನು ಹತ್ತಿ ನೋಡಿದಾಗ ಮಂಗ ಒಡೆದ ಒಂದು ಹೆಂಚು, ಅದರ ಕೆಳಗೆ ಕಪ್ಪಾದ ಜಂತೆ, ಅದರ ಕೆಳಗೆ ಆ ಬೀಜದ ಮುಡಿ. ಹನಿಯು ನೇರವಾಗಿ ಬೀಳದೆ ಜಂತೆಯ ಗುಂಟ ಇಳಿದು ಮುಡಿಯ ಹಿಂಬದಿಯನ್ನು ನೆನೆಸಿದ್ದುದರಿಂದ ಮುಂದಿನಿಂದ ನೋಡಿದವರಿಗೆ ಏನೂ ತೋರಿರಲಿಲ್ಲ. ಒಂದು ಹೆಂಚಿನ ಸಲುವಾಗಿ ಅವರು ಬಿತ್ತನೆಯ ಹದವನ್ನೇ ಕಳೆದುಕೊಂಡರು. ಬೇರೆಡೆಯಿಂದ ಬೀಜ ತಂದು ಸಸಿ ಮಾಡುವಷ್ಟರಲ್ಲಿ ನಾಟಿ ಹಿಂದೆ ಬಿತ್ತು. ಜಂತೆಯನ್ನೂ ಬದಲಾಯಿಸಬೇಕಾಯಿತು.

೭. ಪ್ರಾಣಾಪಾಯದ ಲಕ್ಷಣಗಳು

ಇದುವರೆಗೆ ಹೇಳಿದುದು ಸ್ವತ್ತಿನ ವಿಷಯ. ಇನ್ನು ಹೇಳತಕ್ಕದ್ದು ಜೀವದ ವಿಷಯ. ಪ್ರತಿ ಮಳೆಗಾಲದಲ್ಲಿಯೂ ರಾತ್ರಿ ಮಲಗಿದ್ದವರ ಮೇಲೆ ನೆನೆದ ಗೋಡೆ ಕುಸಿದ ಸುದ್ದಿಯನ್ನು ಕೇಳುತ್ತೇವೆ. ಗೋಡೆಯು ಮುನ್ಸೂಚನೆ ಕೊಡದೆ ಬೀಳುವುದು ಅಪರೂಪ. ಹೊಟ್ಟೆಯಂತೆ ಉಬ್ಬಿದ ಗೋಡೆ, ಬುಡದಲ್ಲಿ ಕಳಚಿ ಬೀಳುವ ಹೆಪ್ಪುಗಳು, ಮೂಲೆಯಲ್ಲಿ ಮೇಲಿನಿಂದ ಕೆಳಕ್ಕೆ ಸೀಳಿ ದಿನದಿನಕ್ಕೆ ಅಗಲವಾಗುವ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು, ಇವುಗಳಲ್ಲಿ ಯಾವುದು ಕಂಡರೂ ಆ ರಾತ್ರಿಯೇ ಮಕ್ಕಳು ಮುದುಕರನ್ನು ಬೇರೆ ಕಡೆಗೆ ಕಳುಹಿಸಬೇಕು. ಬಿರುಕಿಗೆ ಅಡ್ಡಲಾಗಿ ಪೆನ್ಸಿಲಿನ ಗೆರೆಯೆಳೆದು ಅದರ ಪಕ್ಕದಲ್ಲಿ ತಾರೀಖನ್ನೂ ಅಗಲವನ್ನೂ ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.

ಮನೆಯ ಹಿಂದೆ ಧರೆಯಿದ್ದವರು ಮತ್ತಷ್ಟು ಎಚ್ಚರದಿಂದಿರಬೇಕು. ೨೦೧೮ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಅನೇಕ ಮನೆಗಳೂ ತೋಟಗಳೂ ಹೋದುದು ಎಲ್ಲರಿಗೂ ಗೊತ್ತೇ ಇದೆ. ಧರೆಯ ಮೇಲ್ಭಾಗದಲ್ಲಿ ಅರ್ಧಚಂದ್ರದಂತೆ ಬಿರುಕು ಬಿಡುವುದು, ನೆಟ್ಟಗಿದ್ದ ಮರಗಳು ಓರೆಯಾಗುವುದು, ತಿಳಿಯಾಗಿದ್ದ ಒರತೆಯು ಕೆಂಪಗೆ ಹರಿಯುವುದು ಅಥವಾ ಹೊಸ ಒರತೆ ಹುಟ್ಟುವುದು ಇವೆಲ್ಲ ಗುಡ್ಡವು ಕದಲಿದ ಗುರುತುಗಳು. ಧರೆಯ ನೆತ್ತಿಯಲ್ಲಿ ಮಳೆನೀರನ್ನು ಪಕ್ಕಕ್ಕೆ ಹರಿಸುವ ಅಗಳನ್ನು ಬೇಸಗೆಯಲ್ಲಿಯೇ ತೆಗೆಸತಕ್ಕದ್ದು. ಅಂಗಳವನ್ನು ಅಗಲಮಾಡಲು ಧರೆಯ ಬುಡವನ್ನು ಕಡಿಯುವುದು ಎಂದಿಗೂ ಸಲ್ಲದು.

ವಿದ್ಯುತ್ತಿನ ತಂತಿಯಿರುವ ಮನೆಗಳಲ್ಲಿ ಒದ್ದೆ ಗೋಡೆಯನ್ನು ಮುಟ್ಟಿದಾಗ ಜುಮ್ಮೆನ್ನುವ ಅನುಭವವಾದರೆ ಕೂಡಲೇ ಮುಖ್ಯ ಗುಂಡಿಯನ್ನು ಆರಿಸಿ, ಬಲ್ಲವರಿಂದ ತೋರಿಸಿದ ಹೊರತು ಮತ್ತೆ ಹಾಕಕೂಡದು.

೮. ತನಿಖೆಯ ಕಾಲಗಳು

ವರ್ಷಕ್ಕೆ ಮೂರು ಬಾರಿ ತನಿಖೆ ನಡೆಯಬೇಕು.

ಮೊದಲನೆಯದು ಯುಗಾದಿ ಕಳೆದು ರೋಹಿಣಿ ಹುಟ್ಟುವುದರೊಳಗೆ, ಎಂದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ: ಹೆಂಚು ಕೈಯಾಡಿಸುವುದು, ದೋಣಿ ಶುದ್ಧಿ, ಕೊಂಬೆ ಕಡಿಯುವುದು, ಕಾಲುವೆ ತೋಡುವುದು, ತೊಲೆಗಳ ಪರೀಕ್ಷೆ, ತಟ್ಟಿ ಕಟ್ಟುವುದು, ದವಸ ಒಣಗಿಸುವುದು.

ಎರಡನೆಯದು ಮೃಗಶಿರಾ ಅಥವಾ ಆರಿದ್ರಾ ಮಳೆಯ ಮೊದಲ ಜೋರಿನಲ್ಲಿ. ಆಗ ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ನಡೆದು ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಗೆ ಹರಿಯುತ್ತದೆಂದು ನೋಡಬೇಕು. ಬಿಸಿಲಿನಲ್ಲಿ ಹತ್ತು ಸಲ ನೋಡಿದರೂ ತಿಳಿಯದ್ದು ಆ ಒಂದು ಸುತ್ತಿನಲ್ಲಿ ತಿಳಿಯುತ್ತದೆ. ಬಳಿಕ ಅಟ್ಟವನ್ನು ಹತ್ತಿ ಜಂತೆಗಳನ್ನು ಕೈಯಿಂದ ಸವರಿ ನೋಡಬೇಕು.

ಮೂರನೆಯದು ಸ್ವಾತಿ ಮಳೆಯ ನಂತರ, ದೀಪಾವಳಿಯ ಸುಮಾರಿಗೆ: ತಟ್ಟಿಗಳನ್ನು ಬಿಚ್ಚಿ ಗೋಡೆಗೆ ಬಿಸಿಲು ಕೊಡುವುದು, ಗೆದ್ದಲಿನ ಕೊಳವೆ ಹುಡುಕುವುದು, ಬುಡದ ಗಿಲಾವನ್ನು ತಿದ್ದುವುದು, ಮಳೆಗಾಲದಲ್ಲಿ ಕಂಡ ದೋಷಗಳನ್ನೆಲ್ಲ ಬರೆದಿಡುವುದು.

ಇದಕ್ಕಾಗಿ ಮನೆಯಲ್ಲಿ ಒಂದು ಪುಸ್ತಕವಿರಬೇಕು. ಅಡಿಕೆಯ ಲೆಕ್ಕಕ್ಕೂ ಆಳಿನ ಲೆಕ್ಕಕ್ಕೂ ಪುಸ್ತಕವಿಡುವ ಯಜಮಾನನು ಅದೇ ಪುಸ್ತಕದ ಕೊನೆಯ ನಾಲ್ಕು ಹಾಳೆಗಳನ್ನು ಮನೆಗೆ ಮೀಸಲಿಟ್ಟರೆ ಸಾಕು. ಯಾವ ದಿನ, ಎಲ್ಲಿ, ಏನು ಕಂಡಿತು, ಏನು ಮಾಡಿದೆವು ಎಂಬಿಷ್ಟನ್ನೇ ಬರೆಯುತ್ತ ಬಂದರೆ ಮೂರು ವರ್ಷಗಳಲ್ಲಿ ಆ ಮನೆಯ ಬಲಹೀನ ಸ್ಥಳಗಳೆಲ್ಲ ಗೊತ್ತಾಗುತ್ತವೆ.

೯. ಗ್ರಾಮಮುಖಂಡರಿಗೆ ವಿಜ್ಞಾಪನೆ

ಊರಿನ ಹಿರಿಯರಿಗೆ ಸ್ವಂತ ಮನೆಯ ಹೊಣೆಯ ಜೊತೆಗೆ ಇನ್ನೊಂದು ಹೊಣೆಯೂ ಉಂಟು. ಶಾಲೆ, ದೇವಾಲಯ, ದವಸದ ಉಗ್ರಾಣಗಳ ಮಾಡನ್ನು ಮೇ ತಿಂಗಳೊಳಗೆ ನೋಡಿಸತಕ್ಕದ್ದು. ಏಣಿ ಹತ್ತಲಾರದ ಮುದುಕರು, ಗಂಡು ದಿಕ್ಕಿಲ್ಲದ ಹೆಂಗಸರು, ಕೂಲಿಯವರು, ಇವರ ಮನೆಗಳೇ ಊರಿನಲ್ಲಿ ಮೊದಲು ಬೀಳತಕ್ಕವು. ನಾಟಿಯ ಕಾಲದಲ್ಲಿ ಮುಯ್ಯಾಳಿನಿಂದ ಒಬ್ಬರ ಗದ್ದೆಗೆ ಮತ್ತೊಬ್ಬರು ಇಳಿಯುವ ಪದ್ಧತಿಯು ಮಲೆನಾಡಿನಲ್ಲಿ ಹಳೆಯದು. ಹೆಂಚು ಕೈಯಾಡಿಸುವುದಕ್ಕೂ ಅದನ್ನೇ ಅನುಸರಿಸಿ, ಬೇಸಗೆಯಲ್ಲಿ ಎರಡು ದಿನ ಗೊತ್ತುಮಾಡಿಕೊಂಡರೆ, ಹತ್ತು ಜನ ಸೇರಿ ಒಂದು ಚಿಕ್ಕ ಕೇರಿಯ ಮಾಡುಗಳನ್ನೆಲ್ಲ ಮುಗಿಸಬಹುದು. ಯಾವ ಮನೆಯ ಗೋಡೆ ಉಬ್ಬಿದೆ, ಯಾವ ಮನೆಯ ಹಿಂದಿನ ಧರೆ ಬಿರಿದಿದೆ ಎಂಬುದರ ಪಟ್ಟಿಯು ಮುಖಂಡರಲ್ಲಿದ್ದರೆ, ಜೋರು ಮಳೆಯ ರಾತ್ರಿ ಯಾರನ್ನು ಮೊದಲು ಎಬ್ಬಿಸಬೇಕೆಂಬುದಕ್ಕೆ ತಡವಾಗುವುದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟುವ ಕಷ್ಟವು ಒಮ್ಮೆ. ಕಾಯುವ ಕೆಲಸವು ಪ್ರತಿ ವರ್ಷ. ಆದರೆ ಎರಡನೆಯದಕ್ಕೆ ಬೇಕಾಗುವುದು ಹಣವಲ್ಲ. ಒಂದು ಏಣಿ, ಒಂದು ದಬ್ಬಳ, ಐವತ್ತು ಹೆ೦ಚು, ವರ್ಷಕ್ಕೆ ಮೂರು ದಿನದ ಬಿಡುವು, ಇಷ್ಟೇ. ಈ ಪತ್ರಿಕೆಯನ್ನು ಓದಿದವರು ಇದನ್ನು ಓದಲಾರದ ನೆರೆಯವರಿಗೆ ಓದಿ ಹೇಳಬೇಕೆಂದೂ, ಈ ಬೇಸಗೆಯಲ್ಲಿ ಮೊದಲು ಅಟ್ಟವನ್ನು ಹತ್ತಿ ಕತ್ತಲಿನಲ್ಲಿ ಬೆಳಕಿನ ಚುಕ್ಕೆಗಳನ್ನು ಎಣಿಸಬೇಕೆಂದೂ ಕೋರಲಾಗಿದೆ.